ದುಡಿಯುವ ಎತ್ತುಗಳ ಕೀಲುಬೇನೆ: ಉರಿಯೂತ ನಿವಾರಕ ಔಷಧಿಗಳ ಸರಿಯಾದ ಬಳಕೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಕಪ್ಪು ಮಣ್ಣಿನ ಹೊಲಗಳಲ್ಲಿ ಎತ್ತುಗಳಿಗೆ ವರ್ಷದಲ್ಲಿ ಎರಡು ಬಾರಿ ಹೆಚ್ಚಿನ ದುಡಿತವಿರುತ್ತದೆ. ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದಿನ ಬಿತ್ತನೆ ಹಾಗೂ ಎಡೆ ಹೊಡೆಯುವ ಕೆಲಸ; ಹಿಂಗಾರಿನಲ್ಲಿ ಜೋಳ ಮತ್ತು ಕಡಲೆಯ ಬಿತ್ತನೆ. ವಯಸ್ಸಾದ ಎತ್ತುಗಳ ಕುಂಟು ಎದ್ದು ಕಾಣುವುದೂ ಇದೇ ದಿನಗಳಲ್ಲಿ. ಭೂಮಿಯ ಹದ ಆರುವ ಮೊದಲು ಬಿತ್ತನೆ ಮುಗಿಸಬೇಕೆಂಬ ಅವಸರದಲ್ಲಿ ಎತ್ತಿಗೆ ನೋವಿನ ಚುಚ್ಚುಮದ್ದು ಹಾಕಿಸಿ ಮರುದಿನವೇ ನೊಗಕ್ಕೆ ಹೂಡುವುದುಂಟು. ಈ ಒಂದು ಕ್ರಮವೇ ಎತ್ತಿನ ದುಡಿಯುವ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಔಷಧಿಯು ನೋವನ್ನು ಮತ್ತು ಬಾವನ್ನು ತಗ್ಗಿಸುತ್ತದೆ. ಸವೆದ ಕೀಲನ್ನು ಸರಿಪಡಿಸುವುದಿಲ್ಲ. ನೋವು ತಿಳಿಯದ ಎತ್ತು ಕುಂಟುವ ಕಾಲಿನ ಮೇಲೆಯೇ ಪೂರ್ಣ ಭಾರ ಹಾಕಿ ಎಳೆಯುತ್ತದೆ, ಉಳಿದಿದ್ದ ಮೃದ್ವಸ್ಥಿಯೂ ಸವೆಯುತ್ತದೆ.

ಮೊದಲು ಕುಂಟಿನ ಮೂಲ ತಿಳಿಯಿರಿ

ಕುಂಟುವ ದನಗಳಲ್ಲಿ ಬಹುಪಾಲಿಗೆ ತೊಂದರೆ ಇರುವುದು ಕೀಲಿನಲ್ಲಲ್ಲ, ಗೊರಸಿನಲ್ಲಿ. ಕಾಲನ್ನು ತೊಳೆದು, ಗೊರಸುಗಳ ನಡುವೆ ಮುಳ್ಳು, ಕಲ್ಲಿನ ಚೂರು, ಹುಣ್ಣು ಇದೆಯೇ ಎಂದು ನೋಡಿ. ಬಾಯಿಯಲ್ಲೂ ಹುಣ್ಣಿದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಬೇನೆ. ಜ್ವರದೊಂದಿಗೆ ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟಿದರೆ ಮೂರು ದಿನದ ಜ್ವರವೆಂದು ಸಂಶಯಿಸಬೇಕು. ಮಳೆಗಾಲದಲ್ಲಿ ಪ್ರಾಯದ ದನದ ತೊಡೆ ಅಥವಾ ಹೆಗಲು ಹಠಾತ್ತನೆ ಊದಿಕೊಂಡು, ಒತ್ತಿದಾಗ ಚರಚರ ಸದ್ದು ಬಂದರೆ ಅದು ಚಪ್ಪೆ ರೋಗ. ಇದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ನೋವಿನ ಔಷಧಿ ಕೊಟ್ಟು ಕಾಯುತ್ತಾ ಕುಳಿತರೆ ದನ ಉಳಿಯುವುದಿಲ್ಲ. ಕರುಗಳಲ್ಲಿ ಹೊಕ್ಕುಳಿನ ಸೋಂಕು ಕೀಲುಗಳಿಗೆ ಇಳಿದು ಬಿಸಿಯಾದ ಬಾವು ಬರುತ್ತದೆ. ಅದಕ್ಕೆ ಪ್ರತಿಜೀವಕವೇ ಮುಖ್ಯ, ನೋವು ನಿವಾರಕ ಕೇವಲ ಜೊತೆಗೆ.

ಸವೆತದ ಕೀಲುಬೇನೆಯ ಲಕ್ಷಣ ಬೇರೆ. ಜ್ವರವಿರುವುದಿಲ್ಲ. ಬೆಳಿಗ್ಗೆ ಏಳಲು ಎತ್ತು ತಡವರಿಸುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ದುಡಿದ ಸಂಜೆ ಮತ್ತೆ ಹೆಚ್ಚಾಗುತ್ತದೆ. ಮುಟ್ಟಿದರೆ ಕೀಲು ಗಟ್ಟಿಯಾಗಿ ದಪ್ಪಗಾಗಿರುತ್ತದೆ.

ಯಾವ ಔಷಧಿ, ಎಷ್ಟು

ಈ ಗುಂಪಿನ ಔಷಧಿಗಳು ದೇಹದಲ್ಲಿ ಪ್ರೋಸ್ಟಾಗ್ಲ್ಯಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ತಡೆಯುತ್ತವೆ. ಬಾವು, ನೋವುಗಳಿಗೆ ಕಾರಣವಾಗುವ ಇವೇ ವಸ್ತುಗಳು ಹೊಟ್ಟೆಯ ಒಳಪೊರೆಯನ್ನೂ ಮೂತ್ರಪಿಂಡಕ್ಕೆ ಹೋಗುವ ರಕ್ತಸಂಚಾರವನ್ನೂ ಕಾಯುತ್ತವೆ. ಆದ್ದರಿಂದ ನೀರಡಿಸಿ ಬಳಲಿದ ಎತ್ತಿಗೆ ಈ ಔಷಧಿ ಅಪಾಯಕರ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಲಘುವಾಗಿ ಪರಿಗಣಿಸುವಂತಿಲ್ಲ. ಮೊದಲು ನೆರಳು ಮತ್ತು ಹೊಟ್ಟೆ ತುಂಬ ನೀರು, ಅನಂತರ ಔಷಧಿ.

ಜಾನುವಾರುಗಳಿಗೆ ಪಶುವೈದ್ಯರು ಸಾಮಾನ್ಯವಾಗಿ ಆಯ್ದುಕೊಳ್ಳುವುದು ಮೆಲಾಕ್ಸಿಕಾಂ. ದನಗಳಲ್ಲಿ ಇದರ ಪರಿಣಾಮ ದೀರ್ಘವಾಗಿರುವುದರಿಂದ ದಿನಕ್ಕೆರಡು ಬಾರಿ ಕೊಡುವ ಅಗತ್ಯವಿಲ್ಲ. ಪ್ರತಿ ಕಿಲೋ ದೇಹತೂಕಕ್ಕೆ 0.5 ಮಿಲಿಗ್ರಾಂ ಪ್ರಮಾಣವೆಂದು ಹಿಡಿದರೆ 400 ಕಿಲೋ ತೂಕದ ಎತ್ತಿಗೆ 200 ಮಿಲಿಗ್ರಾಂ ಆಗುತ್ತದೆ. ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಸೀಸೆಯಾದರೆ ಇದು 40 ಮಿಲಿಲೀಟರ್, 20 ಮಿಲಿಗ್ರಾಂ ಇರುವ ಸೀಸೆಯಾದರೆ ಕೇವಲ 10. ಸೀಸೆ ಬದಲಾದರೆ ಅಳತೆ ನಾಲ್ಕು ಪಟ್ಟು ಬದಲಾಗುತ್ತದೆಂಬುದನ್ನು ತೋರಿಸಲು ಈ ಲೆಕ್ಕ ಕೊಟ್ಟಿದೆ, ನೀವೇ ಚುಚ್ಚಲೆಂದಲ್ಲ. ಪ್ರಮಾಣ ಮತ್ತು ಎಷ್ಟು ದಿನ ಎಂಬುದನ್ನು ಪಶುವೈದ್ಯಾಧಿಕಾರಿಗಳೇ ನಿರ್ಧರಿಸಬೇಕು. ಎರಡು ನೋವು ನಿವಾರಕಗಳನ್ನು ಒಟ್ಟಿಗೆ ಕೊಡುವುದಾಗಲಿ, ಡೆಕ್ಸಾಮೆಥಾಸೋನ್‌ನಂತಹ ಸ್ಟೆರಾಯ್ಡ್ ಜೊತೆ ಸೇರಿಸುವುದಾಗಲಿ ಕೂಡದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಹಾಲು ಕೊಡುವ ಆಕಳು, ಎಮ್ಮೆಗಳಿಗೆ ಹಾಕಿಸಿದ್ದರೆ ಲೇಬಲ್ಲಿನಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಹಾಲನ್ನು ಡೇರಿಗೆ ಹಾಕಬೇಡಿ.

ನಿಷೇಧಿತ ಔಷಧಿಗಳು

ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ಭಾರತದಲ್ಲಿ 2006ರಲ್ಲಿಯೇ ನಿಲ್ಲಿಸಲಾಯಿತು. ಈ ಔಷಧಿ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. 1992ರಿಂದ 2007ರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99ಕ್ಕೂ ಹೆಚ್ಚು ನಾಶವಾದವು. ನೂರು ಕಳೇಬರಗಳಲ್ಲಿ ಒಂದರಲ್ಲಿ ಔಷಧಿ ಉಳಿದಿದ್ದರೂ ಇಷ್ಟು ನಾಶಕ್ಕೆ ಸಾಕೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೀಗಾಗಿ 'ನನ್ನದೊಂದೇ ಎತ್ತು' ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಮನುಷ್ಯರ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಅವುಗಳ ಗಾತ್ರವನ್ನು 3 ಮಿಲಿಲೀಟರಿಗೆ ಮಿತಿಗೊಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಲಾಗಿದೆ. ಅಸಿಕ್ಲೋಫೆನಾಕ್ ದನದ ದೇಹದಲ್ಲಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಅನಂತರ ನಿಮೆಸುಲೈಡ್ ಸಹ ಈ ಪಟ್ಟಿಗೆ ಸೇರಿದೆ. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಮನೆಯ ಹಿರಿಯರ ಮೊಣಕಾಲು ನೋವಿಗೆ ತಂದ ಮಾತ್ರೆಗಳನ್ನು ಎತ್ತಿಗೆ ತಿನ್ನಿಸುವ ರೂಢಿಯನ್ನು ಬಿಡಬೇಕು. ದನದ ಸೀಸೆಯ ಔಷಧಿಯನ್ನು ಮನುಷ್ಯರೂ ಬಳಸಬಾರದು.

ಕೊಟ್ಟಿಗೆಯ ನೆಲ ಮತ್ತು ವಿಶ್ರಾಂತಿ

ಶಹಾಬಾದ್ ಕಲ್ಲು ನಮ್ಮಲ್ಲಿ ಅಗ್ಗ, ಕೈಗೆಟಕುವ ವಸ್ತು. ಹೀಗಾಗಿ ಕೊಟ್ಟಿಗೆಗೂ ಅದನ್ನೇ ಹಾಸುತ್ತೇವೆ. ತೊಳೆಯಲು ಸುಲಭವೆಂಬುದು ನಿಜ. ಆದರೆ ನುಣುಪಾದ ಕಲ್ಲು ಗಂಜಲ ಬಿದ್ದೊಡನೆ ಜಾರುತ್ತದೆ, ಮೇಲಾಗಿ ಗಟ್ಟಿ. ಕೀಲು ನೋಯುವ ಎತ್ತು ಅದರ ಮೇಲೆ ಏಳುವಾಗ ಹಿಂಗಾಲು ಜಾರಿ ಪೆಟ್ಟು ತಿನ್ನುತ್ತದೆ. ಜಾರುವ ಭಯಕ್ಕೆ ಮಲಗುವುದನ್ನೇ ಬಿಟ್ಟು ನಿಂತಿರುವುದೂ ಉಂಟು. ಅಂತಹ ಎತ್ತನ್ನು ಮಣ್ಣಿನ ನೆಲಕ್ಕೆ ಬದಲಾಯಿಸಿ. ಜಾಗವಿಲ್ಲದಿದ್ದರೆ ಕಲ್ಲಿನ ಮೇಲೆ ಮರಳು ಹರಡಿ, ದನ ತಿನ್ನದೆ ಬಿಟ್ಟ ಒಣ ಕಣಿಕೆಯನ್ನು ದಪ್ಪವಾಗಿ ಹಾಸಿ, ಒದ್ದೆಯಾದಾಗ ಬದಲಿಸಿ. ಹೊಸದಾಗಿ ಕಟ್ಟುವವರು ಪಾಲಿಶ್ ಮಾಡದ ಒರಟು ಕಲ್ಲನ್ನೇ ಆರಿಸಬೇಕು.

ಚಿಕಿತ್ಸೆಯ ದಿನಗಳಲ್ಲಿ ಎತ್ತನ್ನು ನೊಗಕ್ಕೆ ಕಟ್ಟಬಾರದು. ಆ ದಿನಗಳ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಅಥವಾ ನೆರೆಯವರೊಡನೆ ಮುಯ್ಯಿ ನೋಡಿಕೊಳ್ಳುವುದು ಹೊಸ ಎತ್ತು ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಔಷಧಿ ನಿಲ್ಲಿಸಿದ ಅನಂತರವೂ ಕುಂಟದೆ ನಡೆದರೆ ಮಾತ್ರ ಗುಣ ಕಂಡಿದೆಯೆಂದು ತಿಳಿಯಬೇಕು. ಮೊದಲು ಖಾಲಿ ಬಂಡಿ, ಬಳಿಕ ಹಗುರ ಕುಂಟೆ, ಕೊನೆಗೆ ಕೂರಿಗೆ. ಪ್ರತಿ ಸಲ ಔಷಧಿ ನಿಲ್ಲಿಸಿದೊಡನೆ ಕುಂಟು ಮರಳುತ್ತಿದ್ದರೆ ಆ ಎತ್ತಿಗೆ ಭಾರದ ದುಡಿತ ಮುಗಿದಿದೆ.

ಪಶು ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಿ. ಎತ್ತಿನ ವಯಸ್ಸು, ಕುಂಟು ಶುರುವಾಗಿ ಎಷ್ಟು ದಿನವಾಯಿತು, ಜ್ವರ ಇದೆಯೇ, ಮೇವು ನೀರು ತೆಗೆದುಕೊಳ್ಳುತ್ತಿದೆಯೇ ಎಂಬುದನ್ನು ತಿಳಿಸಿ. ಈಗಾಗಲೇ ಏನಾದರೂ ಔಷಧಿ ಕೊಟ್ಟಿದ್ದರೆ ಅದರ ಸೀಸೆಯನ್ನೋ ಚೀಟಿಯನ್ನೋ ಎಸೆಯದೆ ವೈದ್ಯರಿಗೆ ತೋರಿಸಿ.