ಗಾಜಾದ ಹಿರಿಯರಿಗೆ ರೋಗಿಗಳು ಕೇಳಿದ ಪ್ರಶ್ನೆಗಳು: ಆರನೆಯ ಶತಮಾನದ ಸಭೆಯಲ್ಲಿ ಔಷಧ, ಪಥ್ಯ ಮತ್ತು ಆತ್ಮಿಕ ಆಲೋಚನೆ

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಬೋಧನೆ, ಶಿಸ್ತು, ಸಭಾಹಿರಿಯರ ನೇಮಕ ಮುಂತಾದ ಗಂಭೀರ ವಿಷಯಗಳ ನಡುವೆ ಒಂದು ಪಥ್ಯದ ಮಾತು ಬರುತ್ತದೆ (5:23). ತಿಮೊಥೆಯನು ಬರೀ ನೀರನ್ನೇ ಕುಡಿಯುತ್ತಿದ್ದನು. ಅವನಿಗೆ ಹೊಟ್ಟೆಯ ಬಾಧೆಯಿತ್ತು, ಆಗಾಗ ಅಸ್ವಸ್ಥನಾಗುತ್ತಿದ್ದನು. ಆದುದರಿಂದ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳುವಂತೆ ಅವನಿಗೆ ಸಲಹೆ ದೊರೆಯಿತು. ಮದ್ಯಪಾನವನ್ನು ಕುರಿತ ವಾದಗಳಲ್ಲಿ ಈ ವಾಕ್ಯವು ಎರಡೂ ಪಕ್ಷಗಳಿಗೆ ಒದಗಿ ಬಂದಿದೆ. ಆದರೆ ಅದು ಎಲ್ಲರಿಗಾಗಿ ಹೊರಟ ಆಜ್ಞೆಯಲ್ಲ. ಒಬ್ಬ ಮನುಷ್ಯನ ದೇಹಸ್ಥಿತಿಯನ್ನೂ ಅಭ್ಯಾಸಗಳನ್ನೂ ಬಲ್ಲವನು ಆ ಒಬ್ಬನಿಗಾಗಿಯೇ ಬರೆದ ಮಾತು. ರೋಗದ ಸಮಯದಲ್ಲಿ ಯಾರನ್ನು ಕೇಳಬೇಕು, ಹೇಳಿದ ಮಾತು ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯು ಆದಿಸಭೆಯನ್ನು ಬಹುಕಾಲ ಕಾಡಿತು. ಅದಕ್ಕೆ ದೊರೆತ ಅತ್ಯಂತ ಸೂಕ್ಷ್ಮವಾದ ಉತ್ತರಗಳಲ್ಲಿ ಕೆಲವನ್ನು ನಾವು ಆರನೆಯ ಶತಮಾನದ ಗಾಜಾದಲ್ಲಿ ಕಾಣುತ್ತೇವೆ.

ಗಾಜಾಕ್ಕೆ ಬರುವ ಮೊದಲು ಹಿಂದಿನ ತಲೆಮಾರಿನವರನ್ನು ನೆನೆಯಬೇಕು. ಕಪ್ಪದೋಕ್ಯದ ಕೈಸರೈಯದ ಬಿಷಪನಾಗಿದ್ದ ಬಾಸಿಲನು (ನಿಧನ 379) ತನ್ನ ದೀರ್ಘ ನಿಯಮಗಳ 55ನೆಯ ಪ್ರಶ್ನೆಯಲ್ಲಿ ವೈದ್ಯವಿದ್ಯೆಯು ಭಕ್ತಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಚರ್ಚಿಸಿದನು. ಬೇಸಾಯದಂತೆ ವೈದ್ಯವೂ ಮನುಷ್ಯನ ದೌರ್ಬಲ್ಯಕ್ಕೆ ನೆರವಾಗಿ ದೇವರು ಕೊಟ್ಟ ವಿದ್ಯೆ ಎಂದು ಅವನು ಕಂಡನು. ಅದರ ಮೇಲೆಯೇ ಸಮಸ್ತ ಭರವಸವನ್ನು ಇಡುವುದನ್ನೂ, ಅದನ್ನು ಪೂರ್ತಿಯಾಗಿ ತಳ್ಳಿಹಾಕುವುದನ್ನೂ ಸಮಾನವಾಗಿ ಖಂಡಿಸಿದನು. ಬಾಸಿಲನು ಸ್ವತಃ ದೀರ್ಘಕಾಲದ ರೋಗಿ. ಯೂಸ್ತಾಥಿಯಸ್ ಎಂಬ ವೈದ್ಯನೊಂದಿಗೆ ಅವನಿಗೆ ಪತ್ರವ್ಯವಹಾರವಿತ್ತು. ಮುಂದೆ 404ರಲ್ಲಿ ಕಾನ್ಸ್ಟಾಂಟಿನೋಪಲಿನಿಂದ ಗಡೀಪಾರಾದ ಯೋಹಾನ ಕ್ರಿಸೋಸ್ತೊಮನು ತನ್ನ ಆಪ್ತಳೂ ಸಭಾಸೇವಕಿಯೂ ಆದ ಒಲಿಂಪಿಯಾಸಳಿಗೆ ಬರೆದ ಪತ್ರದಲ್ಲಿ, ಸಿಂಕ್ಲೇಷನ್ ಎಂಬ ಸ್ತ್ರೀ ಕಳುಹಿಸಿದ ಔಷಧದಿಂದ ತನ್ನ ಹೊಟ್ಟೆಯ ಬಾಧೆಯು ಮೂರೇ ದಿನಗಳಲ್ಲಿ ಶಮನವಾಯಿತೆಂದು ತಿಳಿಸಿ, ಆಕೆಯೂ ಅದನ್ನು ಬಳಸಬೇಕೆಂದೂ ಅನುಭವವುಳ್ಳ ವೈದ್ಯರನ್ನು ಕಾಣಬೇಕೆಂದೂ ಬೇಡಿಕೊಂಡನು. ಸಭೆಯ ಮಹಾಬೋಧಕನ ಪತ್ರದಲ್ಲಿ ನೆರೆಮನೆಯವರು ಆಡಿಕೊಳ್ಳುವಂಥ ಮದ್ದಿನ ಮಾತು ಬರುವುದನ್ನು ಕಂಡು ನಾವು ಅಚ್ಚರಿಪಡಬೇಕಾಗಿಲ್ಲ. ಪ್ರೀತಿಯಿದ್ದಲ್ಲಿ ಇಂಥ ಮಾತು ಸಹಜ.

ಗಾಜಾ ಪಟ್ಟಣದ ನೈಋತ್ಯಕ್ಕೆ ತವಥಾ ಎಂಬ ಊರಿನ ಬಳಿ ಸೆರಿದೋಸನೆಂಬ ಮಠಾಧಿಪತಿಯ ಆಶ್ರಮವಿತ್ತು. ಅಲ್ಲಿ ಇಬ್ಬರು ಏಕಾಂತವಾಸಿಗಳು ನೆಲಸಿದ್ದರು. ಒಬ್ಬನು ಐಗುಪ್ತ ದೇಶದ ಬಾರ್ಸನೂಫಿಯಸ್. ಅವನನ್ನು 'ಮಹಾ ಹಿರಿಯ' ಎಂದು ಕರೆಯುತ್ತಿದ್ದರು. ಮತ್ತೊಬ್ಬನು ಯೋಹಾನ, ಅವನು 'ಇನ್ನೊಬ್ಬ ಹಿರಿಯ'. ಇಬ್ಬರೂ ತಮ್ಮ ಗುಡಿಸಲಿನಿಂದ ಹೊರಗೆ ಬರುತ್ತಿರಲಿಲ್ಲ, ಕೇಳುವವರ ಮುಖವನ್ನು ನೋಡುತ್ತಿರಲಿಲ್ಲ. ಪ್ರಶ್ನೆಗಳು ಬರಹದಲ್ಲಿ ಒಳಗೆ ಹೋಗುತ್ತಿದ್ದವು, ಉತ್ತರಗಳು ಬರಹದಲ್ಲಿ ಹೊರಗೆ ಬರುತ್ತಿದ್ದವು. ಹೀಗೆ ಉಳಿದುಬಂದ ಪತ್ರಗಳು ಸುಮಾರು 850. ಸಂನ್ಯಾಸಿಗಳು, ಬಿಷಪರು, ಸೈನಿಕರು, ಸಂಸಾರಿಗಳು, ಹೀಗೆ ಎಲ್ಲ ಬಗೆಯವರೂ ಅಲ್ಲಿ ಪ್ರಶ್ನೆ ಕೇಳಿದ್ದಾರೆ. ಪ್ರಾರ್ಥನೆ, ಕೋಪ, ಆಸ್ತಿ, ನೆರೆಹೊರೆಯವರ ಜಗಳ ಎಂಬವುಗಳ ಜೊತೆಯಲ್ಲಿ ಕಾಯಿಲೆ, ಔಷಧ, ಊಟ, ನಿದ್ರೆಗಳೂ ಮತ್ತೆ ಮತ್ತೆ ಬರುತ್ತವೆ.

ಈ ಆಶ್ರಮದಲ್ಲಿ ಡೊರೊಥಿಯೋಸನೆಂಬ ವಿದ್ಯಾವಂತ ಯುವಕನಿದ್ದನು. ಅವನ ಸಹೋದರನ ನೆರವಿನಿಂದ ಅಲ್ಲಿ ರೋಗಿಗಳ ಆರೈಕೆಗಾಗಿ ಒಂದು ಮನೆಯು ಕಟ್ಟಲ್ಪಟ್ಟಿತು. ಅದರ ಹೊಣೆಯು ಡೊರೊಥಿಯೋಸನ ಪಾಲಿಗೆ ಬಂತು. ವೈದ್ಯಗ್ರಂಥಗಳನ್ನು ಓದಿ ಚಿಕಿತ್ಸೆ ಮಾಡಬಹುದೇ, ಅಥವಾ ಅವು ಮನಸ್ಸನ್ನು ಚದರಿಸುತ್ತವೆಂದು ಬಿಟ್ಟುಬಿಡಬೇಕೇ ಎಂದು ಅವನು ಹಿರಿಯನನ್ನು ಕೇಳಿದನು. ನಾವಿನ್ನೂ ಪರಿಪೂರ್ಣರಾಗಿಲ್ಲವಾದ್ದರಿಂದ ದುರಾಶೆಗಳಲ್ಲಿ ಮುಳುಗುವುದಕ್ಕಿಂತ ಇಂಥ ಕೆಲಸದಲ್ಲಿ ತೊಡಗುವುದು ಲೇಸು. ಆದರೆ ಭರವಸವು ಔಷಧದಲ್ಲಿರದೆ ಗುಣಪಡಿಸುವ ದೇವರಲ್ಲಿರಲಿ. ವೈದ್ಯವು ಭಕ್ತಿಗೆ ಅಡ್ಡಿಯಲ್ಲ, ಉಳಿದ ಸಹೋದರರ ಕೈಕೆಲಸದಂತೆ ಅದನ್ನೂ ಎಣಿಸು — ಇದು ಉತ್ತರದ ತಾತ್ಪರ್ಯ. ಈ ಹೋಲಿಕೆಯ ತೂಕವನ್ನು ನಾವು ಗಮನಿಸಬೇಕು. ಆಶ್ರಮದಲ್ಲಿ ಕೈಕೆಲಸವೆಂದರೆ ದಿನನಿತ್ಯದ ವಿಧೇಯತ್ವ. ಹಿರಿಯನು ವೈದ್ಯವಿದ್ಯೆಯನ್ನು ಪವಾಡದ ಎತ್ತರಕ್ಕೆ ಏರಿಸಲಿಲ್ಲ, ಪಾಪದ ಸಾಲಿಗೂ ಸೇರಿಸಲಿಲ್ಲ. ದೇವರ ಭಯದಿಂದ ಮಾಡಬೇಕಾದ ಕೆಲಸಗಳ ಸಾಲಿನಲ್ಲಿಟ್ಟನು.

ವೈದ್ಯನಿಗೆ ತೋರಿಸಿಕೊಳ್ಳುವುದು ಸರಿಯೇ ಎಂದು ಕೇಳಿದವರಿಗೂ ಇದೇ ಸಮತೂಕದ ಮಾತು ದೊರೆಯಿತು. ಯಾವನಾದರೂ ದೇವರು ಈ ವೈದ್ಯನ ಮೂಲಕ ಗುಣಕೊಡುವನೆಂದು ನಂಬಿ ತನ್ನನ್ನು ಒಪ್ಪಿಸಿಕೊಟ್ಟರೆ ಅದು ಒಳ್ಳೆಯದೇ. ಮತ್ತೊಬ್ಬನು ವೈದ್ಯನಿಲ್ಲದೆ ದೇವರನ್ನೇ ನಿರೀಕ್ಷಿಸಿದರೆ ಅದನ್ನೂ ಅವರು ಖಂಡಿಸಲಿಲ್ಲ. ಆದರೆ ಎರಡನೆಯದನ್ನು ಎಲ್ಲರ ಮೇಲೆ ಹೇರಲೂ ಇಲ್ಲ. ವೈದ್ಯನ ಬಾಗಿಲಿಗೆ ಹೋದವನು ಅಪನಂಬಿಕೆಯವನೆಂಬ ತೀರ್ಪು ಗಾಜಾದ ಹಿರಿಯರದಲ್ಲ.

ಅಂದ್ರೆಯನೆಂಬ ವೃದ್ಧ ಸಂನ್ಯಾಸಿಯ ಪತ್ರಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ಅವನಿಗೆ ರೋಗಕ್ಕಿಂತಲೂ ಹೆಚ್ಚು ನೋವು ಕೊಟ್ಟದ್ದು ಉಪವಾಸ ಮಾಡಲಾಗದೆಂಬ ಕೊರಗು. ಬಾರ್ಸನೂಫಿಯಸ್ ಅವನಿಗೆ ತಿಳಿಸಿದ ತರ್ಕವು ಬಹು ಸರಳ. ಉಪವಾಸವಿರುವುದು ಆರೋಗ್ಯವುಳ್ಳ ದೇಹವನ್ನು ಅಂಕೆಯಲ್ಲಿಡುವುದಕ್ಕೆ. ರೋಗವು ಆ ಕೆಲಸವನ್ನು ಈಗಾಗಲೇ, ಅದಕ್ಕಿಂತಲೂ ಕಠಿಣವಾಗಿ ಮಾಡುತ್ತಿದೆ. ಕೃತಜ್ಞತೆಯಿಂದ ಸಹಿಸಿದರೆ ಅದೇ ತಪಸ್ಸಾಗಿ ಎಣಿಸಲ್ಪಡುವುದು. ಶಕ್ತಿಗೆ ಮೀರಿದ್ದನ್ನು ದೇವರು ಕೇಳುವುದಿಲ್ಲ. ಇಲ್ಲಿ ಹಿರಿಯನು ಪಥ್ಯದ ಪಟ್ಟಿಯನ್ನು ಬರೆದುಕೊಡಲಿಲ್ಲ. ರೋಗಿಯ ಹೆಗಲಿನಿಂದ ಅಪರಾಧಿಭಾವದ ಹೊರೆಯನ್ನು ಇಳಿಸಿದನು. ಊಟ ಮಾಡುವುದಕ್ಕೆ ಅನುಮತಿಯು ಬೇಕಾಗಿದ್ದವನಿಗೆ ಅದನ್ನು ದೈವಶಾಸ್ತ್ರದ ಆಧಾರದ ಮೇಲೆ ಕೊಟ್ಟನು.

ಇದಕ್ಕೆ ಎದುರಾಗಿ ಕಾಣುವ ಒಂದು ಉದಾಹರಣೆಯೂ ಅದೇ ಆಶ್ರಮದಲ್ಲಿದೆ. ಡೊಸಿಥಿಯೋಸನೆಂಬ ಸುಕುಮಾರ ಯುವಕನು ಅಲ್ಲಿಗೆ ಬಂದು ಡೊರೊಥಿಯೋಸನ ಕೈಕೆಳಗೆ ರೋಗಿಗಳ ಸೇವೆಗೆ ನಿಂತನು. ಮೊದಲು ಅವನಿಗೆ ಹೊಟ್ಟೆತುಂಬ ತಿನ್ನಲು ಬಿಟ್ಟು, ಎಷ್ಟು ತಿನ್ನುತ್ತಿರುವೆ ಎಂದು ಕೇಳಿ, ದೇಹಕ್ಕೆ ಒಗ್ಗುವುದನ್ನು ನೋಡಿಕೊಂಡು, ಆರು ರಾತಲು ರೊಟ್ಟಿಯಿಂದ ಎಂಟು ಔನ್ಸಿಗೆ ಮೆಲ್ಲಮೆಲ್ಲನೆ ಇಳಿಸಿದರೆಂದು ಅವನ ಚರಿತ್ರೆಯು ಹೇಳುತ್ತದೆ. ಮುಂದೆ ಅವನು ರಕ್ತ ಕೆಮ್ಮತೊಡಗಿದನು. ಅರೆಬೆಂದ ಮೊಟ್ಟೆಯು ಇದಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದು ಅವನ ಕಿವಿಗೆ ಬಿತ್ತು. ಅವನು ಅದನ್ನು ಗುರುವಿಗೆ ಮುಚ್ಚಿಡದೆ ತಿಳಿಸಿದನು. ಆದರೆ ಆ ಆಲೋಚನೆಯೇ ಮನಸ್ಸನ್ನು ಕಾಡುತ್ತಿರುವುದರಿಂದ ಅದನ್ನು ಕೊಡಬೇಡವೆಂದು ಬೇಡಿಕೊಂಡನು. ಡೊರೊಥಿಯೋಸನು ಒಪ್ಪಿ, ಹಿತವಾಗುವ ಬೇರೆ ಆಹಾರಗಳನ್ನು ಹುಡುಕಿ ಕೊಡಲು ಯತ್ನಿಸಿದನು. ಡೊಸಿಥಿಯೋಸನು ಸುಮಾರು ಐದು ವರ್ಷ ಅಲ್ಲಿದ್ದು ತೀರಿಕೊಂಡನು.

ಅಂದ್ರೆಯನಿಗೆ ಉಣ್ಣಲು ಪ್ರೋತ್ಸಾಹ, ಡೊಸಿಥಿಯೋಸನಿಗೆ ಮೊಟ್ಟೆ ಬೇಡವೆಂದುದಕ್ಕೆ ಸಮ್ಮತಿ. ಇವೆರಡರಲ್ಲಿ ಒಂದನ್ನು ಮಾತ್ರ ಕೇಳಿದವನು ಅದನ್ನು ನಿಯಮವಾಗಿ ಮಾಡಿಕೊಂಡರೆ ಗತಿಯೇನು? ಪತ್ರಗಳನ್ನು ಸಂಗ್ರಹಿಸಿದವನಿಗೆ ಈ ಅಪಾಯವು ಚೆನ್ನಾಗಿ ತಿಳಿದಿತ್ತು. ಒಬ್ಬೊಬ್ಬರಿಗೆ ಅವರವರ ಸ್ಥಿತಿಗೆ ತಕ್ಕಂತೆ ಹೇಳಿದ ಮಾತುಗಳಿವು, ಎಲ್ಲವೂ ಎಲ್ಲರಿಗೂ ಸಲ್ಲುವುದಿಲ್ಲ ಎಂದು ಅವನು ಮುನ್ನುಡಿಯಲ್ಲಿಯೇ ಎಚ್ಚರಿಸಿದನು. ಅದಕ್ಕಾಗಿ ಅವನು ಆರಿಸಿಕೊಂಡ ಹೋಲಿಕೆಯೂ ಆಹಾರದ್ದೇ: ಹಾಲು ಕುಡಿಯುವ ಕೂಸಿನ ಆಹಾರ ಬೇರೆ, ಬೆಳೆದವನದು ಬೇರೆ, ಮುದುಕನದು ಬೇರೆ. ತನ್ನ ಕೃತಿಯನ್ನು ಓದುವವರಿಗೆ ಸಂಪಾದಕನೇ ಹಾಕಿಕೊಟ್ಟ ಈ ಮಿತಿಯು ಇಡೀ ಸಂಗ್ರಹದ ಬೀಗದ ಕೈಯೆಂದು ನಮಗೆ ತೋರುತ್ತದೆ.

ಡೊರೊಥಿಯೋಸನು ಮುಂದೆ ತಾನೇ ಬೋಧಕನಾದಾಗ ಇದನ್ನೇ ಇನ್ನೊಂದು ದಿಕ್ಕಿನಿಂದ ವಿವರಿಸಿದನು. ಬಹಳ ಆಲೋಚನೆಯಿರುವಲ್ಲಿ ರಕ್ಷಣೆಯುಂಟೆಂಬ ಜ್ಞಾನೋಕ್ತಿಯನ್ನು (11:14) ಅವನು ವಿವರಿಸುವ ಬಗೆಯು ವಿಶಿಷ್ಟವಾದದ್ದು. ಸಿಕ್ಕಸಿಕ್ಕವರನ್ನೆಲ್ಲ ಕೇಳು ಎಂಬುದು ಅದರ ಅರ್ಥವಲ್ಲ. ನಂಬತಕ್ಕವನೊಬ್ಬನಲ್ಲಿ ಎಲ್ಲವನ್ನೂ, ಏನನ್ನೂ ಬಚ್ಚಿಡದೆ ಕೇಳು ಎಂಬುದೇ ಅರ್ಥ. ಕೆಲವನ್ನು ಹೇಳಿ ಕೆಲವನ್ನು ಮುಚ್ಚಿಟ್ಟವನಿಗೆ ಆಲೋಚನೆಯಿಂದ ಪ್ರಯೋಜನವಿಲ್ಲ. ರೋಗಿಗಳ ಮನೆಯನ್ನು ನಡೆಸಿದವನ ಅನುಭವವು ಈ ಮಾತಿನ ಹಿಂದೆ ಇದೆಯೆಂದು ನಾವು ಊಹಿಸಿದರೆ ತಪ್ಪಾಗಲಾರದು.

ನಮ್ಮ ಸಭೆಗಳಲ್ಲಿ ಈ ಚರಿತ್ರೆಗೆ ಬೆಲೆಯುಂಟು. ಪ್ರಾರ್ಥನಾಕೂಟದಲ್ಲಿ ಒಬ್ಬರು ತಾವು ಮಾತ್ರೆ ಬಿಟ್ಟು ಗುಣಹೊಂದಿದೆವೆಂದು ಸಾಕ್ಷಿ ಹೇಳುತ್ತಾರೆ. ಅದನ್ನು ಕೇಳಿದ ಮತ್ತೊಬ್ಬರು ತಮ್ಮ ಮಾತ್ರೆಯನ್ನೂ ಬಿಡುತ್ತಾರೆ. ಸಕ್ಕರೆ ಕಾಯಿಲೆಯುಳ್ಳ ತಾಯಿಯು ಲೆಂಟ್ ಕಾಲದ ಉಪವಾಸವನ್ನು ಬಿಡಲು ಅಂಜುತ್ತಾಳೆ, ವೈದ್ಯರಿಗೆ ಅದನ್ನು ಹೇಳಲೂ ಅಂಜುತ್ತಾಳೆ. ಇಂಥವರು ವೈದ್ಯರಿಗಿಂತ ಮೊದಲು ಸಭಾಪಾಲಕರನ್ನು ಕೇಳುವುದುಂಟು. ಆಗ ಪಾಲಕನು ಔಷಧವನ್ನು ನಿಲ್ಲಿಸೆಂದಾಗಲಿ ಬದಲಿಸೆಂದಾಗಲಿ ಹೇಳತಕ್ಕವನಲ್ಲ. ಆ ವಿದ್ಯೆಯು ಅದನ್ನು ಕಲಿತವರದು. ಅವನಿಗೆ ಸೇರಿದ ಕೆಲಸವು ಬೇರೆ ಇದೆ. ಸಾಕ್ಷಿಯು ಅದನ್ನು ಹೇಳಿದವರದು, ನಿಮಗೆ ಅದು ಆಜ್ಞೆಯಲ್ಲವೆಂದು ತಿಳಿಸಬೇಕು. ನಿಮ್ಮ ರೋಗವೇ ನಿಮ್ಮ ಉಪವಾಸ, ಊಟಮಾಡಿರಿ ಎಂದು ಧೈರ್ಯ ಕೊಡಬೇಕು. ವೈದ್ಯರಿಗೆ ಏನನ್ನೂ ಮುಚ್ಚಿಡದಂತೆ ಒಡಂಬಡಿಸಿ, ಬೇಕಾದರೆ ಜೊತೆಯಲ್ಲಿ ಹೋಗಬೇಕು.

ಡೊಸಿಥಿಯೋಸನು ತೀರಿಕೊಂಡಾಗ ಕೆಲವು ಸಹೋದರರು ಗೊಣಗಿದರು. ಅವನು ಇತರರಂತೆ ಉಪವಾಸ ಮಾಡಿದವನಲ್ಲ. ರೋಗಿಗಳ ಅಡುಗೆಯಲ್ಲಿ ಉಳಿದ ಸಾರನ್ನು ಉಂಡವನು. ಅವನಿಗೆ ಇಷ್ಟು ಗೌರವವೇಕೆ ಎಂಬುದು ಅವರ ಆಕ್ಷೇಪ. ಸ್ವಲ್ಪ ಕಾಲದ ಮೇಲೆ ಅಲ್ಲಿಗೆ ಬಂದ ಹಿರಿಯನೊಬ್ಬನು ಆ ಆಶ್ರಮದಲ್ಲಿ ತೀರಿಹೋದ ಭಕ್ತರನ್ನು ದರ್ಶನದಲ್ಲಿ ಕಂಡನು. ವೃದ್ಧರ ನಡುವೆ ಒಬ್ಬ ಯುವಕನೂ ನಿಂತಿದ್ದನಂತೆ. ಅವನ ಗುರುತನ್ನು ಕೇಳಿದ ಸಹೋದರರು ಅದು ಡೊಸಿಥಿಯೋಸನೆಂದು ತಿಳಿದು ದೇವರನ್ನು ಕೊಂಡಾಡಿದರು.