ಬಿಜಾಪುರದ ಗ್ರಹಣ ಮತ್ತು ಹೀಲಿಯಂ

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ಇಂದಿನ ವಿಜಯಪುರ, ಆಗಿನ ಬಿಜಾಪುರದಲ್ಲೂ ಕಂಡಿತು. ಅಲ್ಲಿ ಕ್ಯಾಪ್ಟನ್ ಹೇಗ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲ್ ರೋಹಿತದರ್ಶಕ ಹಿಡಿದು ಕಾದಿದ್ದರು. ಸೂರ್ಯನಂಚಿನ ಕೆಂಜ್ವಾಲೆಗಳಲ್ಲಿ ಹೇಗ್‌ಗೆ ಎರಡು ಹೊಳೆಯುವ ಪಟ್ಟಿಗಳು ಕಂಡವು: ಒಂದು ಗುಲಾಬಿಗೆಂಪು, ಇನ್ನೊಂದು ತಿಳಿಹೊನ್ನು. ಆ ಗ್ರಹಣದ ಹಳದಿ ಗೆರೆ ಸೋಡಿಯಂನದೆಂದೇ ಹಲವರು ಮೊದಲು ಬಗೆದರು, ಅದು ಹೀಲಿಯಂನದು. ಪಠ್ಯಪುಸ್ತಕಗಳು ಮಾತ್ರ ಹೆಚ್ಚಾಗಿ ಅದೇ ಗ್ರಹಣವನ್ನು ಗುಂಟೂರಿನಲ್ಲಿ ವೀಕ್ಷಿಸಿದ ಖಗೋಳಜ್ಞ ಜಾನ್ಸೆನ್ ಅವರನ್ನು ನೆನೆಯುತ್ತವೆ.

1895ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರಾದ ಕ್ಲೀವೈಟನ್ನು ಆಮ್ಲದೊಡನೆ ಕಾಯಿಸಿ ಹೀಲಿಯಂ ಅನಿಲವನ್ನು ಪಡೆದರು. ಇಂದು ಅದರ ಮುಖ್ಯ ಆಕರ ನೈಸರ್ಗಿಕ ಅನಿಲ: ಅದನ್ನು ವಿಪರೀತ ತಣಿಸಿದಾಗ ಉಳಿದ ಘಟಕಗಳು ದ್ರವವಾಗುತ್ತವೆ, ಹೀಲಿಯಂ ಅನಿಲವಾಗಿಯೇ ಉಳಿಯುತ್ತದೆ. ಅದರ ಕುದಿಬಿಂದು −269 ಡಿಗ್ರಿ ಸೆಲ್ಸಿಯಸ್. ಎರಡೇ ಇಲೆಕ್ಟ್ರಾನ್‌ಗಳಿಂದ ಅದರ ಕವಚ ಭರ್ತಿಯಾಗಿರುವುದರಿಂದ ಅದು ಉರಿಯದು. ಸಾಮಾನ್ಯ ಸ್ಥಿತಿಯಲ್ಲಿ ಯಾವ ಧಾತುವಿನೊಡನೆಯೂ ಸಂಯೋಗ ಹೊಂದದು.