ಗಾಜಿನ ಮೇಲೆ ಅನೂರಾಧಾ

ಹೈದರಾಬಾದಿನ ಅಮೀರ್‌ಪೇಟ್ ಎಂದರೆ ಇಂದು ಸಾಫ್ಟ್‌ವೇರ್ ಕೋಚಿಂಗ್ ಸೆಂಟರುಗಳ ಬೋರ್ಡುಗಳು, ಹಾಸ್ಟೆಲುಗಳು, ಮೆಟ್ರೊ ಮಾರ್ಗಗಳು ಕೂಡುವ ನಿಲ್ದಾಣ. ರಾತ್ರಿ ಅಲ್ಲಿ ತಲೆಯೆತ್ತಿದರೆ ಕಾಣುವ ಚುಕ್ಕೆಗಳು ಬೆರಳೆಣಿಕೆಯಷ್ಟು. ಆದರೆ ನೂರು ವರ್ಷಗಳ ಹಿಂದೆ, ಪಕ್ಕದ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯದಲ್ಲಿ, ಆಕಾಶದ ಒಂದು ಇಡೀ ಪಟ್ಟಿಯನ್ನು ಗಾಜಿನ ಫಲಕಗಳ ಮೇಲೆ ಇಳಿಸುವ ಕೆಲಸ ನಡೆಯುತ್ತಿತ್ತು. ಆ ಪಟ್ಟಿಯೊಳಗೆ ಅನೂರಾಧಾ ನಕ್ಷತ್ರದ ಮೇಲ್ತುದಿಯ ಚುಕ್ಕೆಯೂ ಬರುತ್ತಿತ್ತು.

ಅನೂರಾಧಾ ನಮ್ಮ ರೈತರಿಗೆ ಮಳೆಯ ಹೆಸರು. ನವೆಂಬರ್ ಕೊನೆಗೆ ಸೂರ್ಯ ಆ ನಕ್ಷತ್ರದಲ್ಲಿರುವಾಗ ಸುರಿಯುವುದು ಅನುರಾಧ ಮಳೆ. ಆಕಾಶದಲ್ಲಿ ಅದು ವೃಶ್ಚಿಕದ ತಲೆಯ ಬಳಿ ಸಾಲಾಗಿ ನಿಂತ ಮೂರು ಚುಕ್ಕೆ. ಉತ್ತರದ ತುದಿಯದು ಬೀಟಾ ಸ್ಕಾರ್ಪಿಯೈ. ಅದರ ಪೂರ್ವಕ್ಕೆ, ಮೂರು ಹುಣ್ಣಿಮೆ ಚಂದ್ರರಷ್ಟು ದೂರದಲ್ಲಿ, ಮಂಕಾದ ನ್ಯೂ ಸ್ಕಾರ್ಪಿಯೈ ಇದೆ. ಬರಿಗಣ್ಣಿಗೆ ಎರಡೂ ಒಂಟಿ ಚುಕ್ಕೆಗಳು. ನಿಜದಲ್ಲಿ ಎರಡೂ ತುಂಬು ಕುಟುಂಬಗಳು. ನ್ಯೂ ಒಂದರಲ್ಲೇ ಏಳು ನಕ್ಷತ್ರಗಳಿವೆ ಎಂಬುದು ಇಂದಿನ ಎಣಿಕೆ. ಮುಖ್ಯ ಸದಸ್ಯರೆಲ್ಲ ಸೂರ್ಯನಿಗಿಂತ ಎಷ್ಟೋ ಬಿಸಿಯಾದ, ನೀಲಿ ಬೆರೆತ ಬಿಳಿ ನಕ್ಷತ್ರಗಳು. ಸೂರ್ಯನಂತೆಯೇ ಒಡಲಿನಲ್ಲಿ ಜಲಜನಕವನ್ನು ಹೀಲಿಯಂ ಮಾಡುತ್ತ ಬೆಳಗುವ ಹಂತದಲ್ಲಿರುವಂಥವು.

ಈ ಕುಟುಂಬದ ಕಥೆಗೆ ದಖ್ಖನ್ನಿನ ಇನ್ನೊಂದು ಊರೂ ಸೇರುತ್ತದೆ. ನ್ಯೂ ಒಂದು ಜೋಡಿ ಎಂಬುದು ಮೊದಲೇ ಗೊತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಎಂಜಿನಿಯರ್ ಆಗಿದ್ದ ವಿಲಿಯಂ ಸ್ಟೀಫನ್ ಜೇಕಬ್, 1847ರಲ್ಲಿ ಪುಣೆಯ ತನ್ನ ಖಾಸಗಿ ವೀಕ್ಷಣಾಲಯದಿಂದ ನೋಡುವಾಗ, ಆ ಜೋಡಿಯ ಮಂಕು ಚುಕ್ಕೆಯೇ ಎರಡಾಗಿರುವುದನ್ನು ಕಂಡ. 1870ರ ದಶಕದಲ್ಲಿ ಅಮೆರಿಕದ ಬರ್ನ್‌ಹ್ಯಾಮ್ ಇನ್ನೊಂದು ಚುಕ್ಕೆಯನ್ನೂ ಎರಡಾಗಿ ಬಿಡಿಸಿದ. ಉಳಿದ ಸದಸ್ಯರು ಪತ್ತೆಯಾದದ್ದು ಆಮೇಲೆ.

ಆದರೆ ಅಕ್ಕಪಕ್ಕ ಕಂಡ ಮಾತ್ರಕ್ಕೆ ನಕ್ಷತ್ರಗಳು ಬಂಧುಗಳಾಗುವುದಿಲ್ಲ. ಒಂದು ಹತ್ತಿರ, ಇನ್ನೊಂದು ಬಹುದೂರವಿದ್ದು, ನಮ್ಮ ನೋಟದ ದಿಕ್ಕಿನಲ್ಲಷ್ಟೇ ಕೂಡಿ ಬಂದಿರಬಹುದು. ನಿಜವಾದ ಜೋಡಿಯಾದರೆ ಎರಡೂ ಒಟ್ಟಿಗೆ ಸಾಗಬೇಕು. ಆ ಚಲನೆ ಎಷ್ಟು ನಿಧಾನವೆಂದರೆ, ಇಂದು ಅಳೆದವನು ಉತ್ತರಕ್ಕೆ ದಶಕಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜೇಕಬ್‌ನೇ ಉದಾಹರಣೆ. 1855ರಲ್ಲಿ ಮದ್ರಾಸ್ ವೀಕ್ಷಣಾಲಯದಲ್ಲಿದ್ದಾಗ, 70 ಒಫಿಯೂಕಿ ಎಂಬ ಜೋಡಿಯ ಅಳತೆಯಲ್ಲಿ ಕಂಡ ಏರುಪೇರಿಗೆ ಗ್ರಹವೊಂದು ಕಾರಣವಿರಬೇಕೆಂದ. ಅಂಥ ಗ್ರಹ ಇರಲಿಲ್ಲ.

ಕಾಯುವ ಕೆಲಸಕ್ಕೆ ಒಂದು ಆರಂಭದ ಅಳತೆ ಬೇಕು. ಅದಕ್ಕಾಗಿಯೇ 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶವನ್ನು ಪಟ್ಟಿಗಳಾಗಿ ಸೀಳಿ, ಜಗತ್ತಿನ ವೀಕ್ಷಣಾಲಯಗಳಿಗೆ ಹಂಚಲು ನಿರ್ಧರಿಸಿದರು. ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟಿ ಚಿಲಿಯ ಸ್ಯಾಂಟಿಯಾಗೋ ಪಾಲಿಗೆ ಬಂದಿತ್ತು; ಅಲ್ಲಿ ಕೆಲಸ ಸಾಗಲಿಲ್ಲ. ಅದು ಹೈದರಾಬಾದಿಗೆ ಬಂತು. ನವಾಬ್ ಜಫರ್ ಜಂಗ್ 1901ರಲ್ಲಿ ಸ್ವಂತ ಆಸಕ್ತಿಯಿಂದ ಕಟ್ಟಿದ ವೀಕ್ಷಣಾಲಯ, ಅವರು 1907ರಲ್ಲಿ ತೀರಿಕೊಂಡ ಮೇಲೆ ನಿಜಾಮ್ ಸರ್ಕಾರದ ಕೈಸೇರಿ, ಬೇಗಂಪೇಟೆಗೆ ಬಂದಿತ್ತು. 1914ರಲ್ಲಿ ನಿರ್ದೇಶಕರಾದ ಪೊಕಾಕ್ 8 ಇಂಚಿನ ಕುಕ್ ದೂರದರ್ಶಕದಿಂದ ಚಿತ್ರ ತೆಗೆಯುವ ಕೆಲಸ ಶುರುಮಾಡಿದರು. 1918ರಲ್ಲಿ ಅವರು ತೀರಿಕೊಂಡರು. ಟಿ. ಪಿ. ಭಾಸ್ಕರನ್ ಮುಂದುವರಿಸಿದರು. 1929ರ ಹೊತ್ತಿಗೆ ಈ ಪಟ್ಟಿಯ ಚಿತ್ರೀಕರಣ ಮುಗಿಯಿತು.

ಆ ಫಲಕಗಳಲ್ಲಿ ಒಂದು ಮಿಲಿಮೀಟರ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ನ್ಯೂ ಕುಟುಂಬದ ಎರಡು ಮುಖ್ಯ ಗುಂಪುಗಳ ನಡುವಿನ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಜೇಕಬ್ ಬಿಡಿಸಿದ ಜೋಡಿಯ ಅಂತರವಂತೂ ಅದರ ಇಪ್ಪತ್ತರಲ್ಲೊಂದು ಭಾಗವೂ ಇಲ್ಲ. ಅಂಥ ಗಾಜಿನ ಮೇಲೆ ಸೂಕ್ಷ್ಮದರ್ಶಕ ಹಿಡಿದು, ಚುಕ್ಕೆ ಚುಕ್ಕೆಯ ಸ್ಥಾನ ಓದಿ, ಲೆಕ್ಕ ಹಾಕಿ, ಸಂಪುಟಗಳಲ್ಲಿ ಅಚ್ಚು ಮಾಡಬೇಕಿತ್ತು. ಹೊಸದೇನನ್ನೂ ಕಂಡುಹಿಡಿಯದ, ಹೆಸರೂ ತಾರದ ಕೆಲಸ.

ಅದಕ್ಕೆ ಹಣ ಕೊಟ್ಟದ್ದು ನಿಜಾಮರ ಖಜಾನೆ. ಆ ಖಜಾನೆಗೆ ಬೀದರ್, ಕಲಬುರಗಿ, ರಾಯಚೂರಿನ ಹೊಲಗಳ ಕಂದಾಯವೂ ಸೇರುತ್ತಿತ್ತು. ಅನುರಾಧ ಮಳೆಗೆ ಮುಗಿಲು ನೋಡುತ್ತಿದ್ದವರ ದುಡ್ಡೂ ಅನೂರಾಧಾ ನಕ್ಷತ್ರದ ಅಳತೆಗೆ ಹೋಗಿದೆ.

ಉತ್ತರ ಬಂದದ್ದು 2000ದಲ್ಲಿ. ಯುರೋಪಿನ ಹಿಪಾರ್ಕಸ್ ಉಪಗ್ರಹದ ಅಳತೆಗಳ ಪಕ್ಕದಲ್ಲಿ ಈ ಹಳೆಯ ಪಟ್ಟಿಗಳನ್ನಿಟ್ಟು, ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ಲೆಕ್ಕ ಹಾಕಿದ ಟೈಕೋ-2 ಸೂಚಿ ಆ ವರ್ಷ ಪ್ರಕಟವಾಯಿತು. ಯಾವುದು ಯಾರೊಡನೆ ಸಾಗುತ್ತಿದೆ ಎಂದು ಹೇಳಲು ಬೇಕಿದ್ದ ಮೊದಲ ಅಳತೆಗಳಲ್ಲಿ ಒಂದು ಪಾಲು ಹೈದರಾಬಾದಿನದು. ಅಳೆದವರಿಗೆ ಆ ಉತ್ತರ ತಮ್ಮ ಕಾಲದಲ್ಲಿ ಸಿಗುವುದಿಲ್ಲವೆಂದು ಗೊತ್ತಿತ್ತು. ಆದರೂ ಅಳೆದಿಟ್ಟು ಹೋದರು.